ಹೆಂಚು ಬಡಿಯುವವನ ಕಿವಿ

೧೯೩೮ನೆಯ ಇಸವಿ, ಅಕ್ಟೋಬರ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಎಂಟೂವರೆ. ಸ್ಥಳ, ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಕಿವಿ ಮೂಗು ನೋಡುವ ಡಾಕ್ಟರರ ದವಾಖಾನೆ. ಹಾಜರಿದ್ದವರು: ಡಾಕ್ಟರರು, ಬೊಂಬಾಯಿಯಿಂದ ಕಿವಿಯ ಯಂತ್ರಗಳನ್ನು ತಂದಿದ್ದ ಏಜೆಂಟರು, ನನ್ನ ಹೆಂಡತಿ ರುಕ್ಕು, ನಮ್ಮ ಕಾರ್ಖಾನೆಯ ಭಟ್ಟಿ ನೋಡಿಕೊಳ್ಳುವ ಕಾಂತಪ್ಪ, ಮತ್ತು ನಾನು. ಕಾಂತಪ್ಪನ ಕಾಲ ಬಳಿ ಒಂದು ಗೋಣಿಚೀಲ, ಅದರೊಳಗೆ ಎರಡು ಹೆಂಚು, ಒಂದು ಒಳ್ಳೆಯದು, ಒಂದು ಒಡೆದದ್ದು.

ಹೆಂಚುಗಳನ್ನು ಹಾಜರಿಯಲ್ಲಿ ಸೇರಿಸಿದ್ದಕ್ಕೆ ಕಾರಣ ಉಂಟು. ಅವುಗಳನ್ನು ಬಿಟ್ಟು ನನ್ನ ಕಾಯಿಲೆಯ ವಿಷಯ ಹೇಳಲು ನನಗೆ ಬರುವುದಿಲ್ಲ.

ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ನಾನು ಹೆಂಚು ಬಡಿಯುವ ಮೇಸ್ತ್ರಿ. ಭಟ್ಟಿಯಲ್ಲಿ ಬೆಂದು ಬಂದ ಪ್ರತಿಯೊಂದು ಹೆಂಚೂ ಮಾರಾಟಕ್ಕೆ ಹೋಗುವ ಮೊದಲು ನನ್ನ ಬೆಂಚಿಗೆ ಬರಬೇಕು. ಎಡಗೈಯಲ್ಲಿ ಅದರ ಒಂದು ಮೂಲೆ ಹಿಡಿದು ತೂಗುಬಿಟ್ಟು, ಬಲಗೈಯ ನಡುಬೆರಳಿನ ಗೆಣ್ಣಿನಿಂದ ಮೇಲೆ, ನಡುವೆ, ಕೆಳಗೆ ಬಡಿಯುತ್ತೇನೆ. ಚೆನ್ನಾಗಿ ಬೆಂದ ಹೆಂಚು ಕಂಚಿನ ಬಟ್ಟಲಿನ ಹಾಗೆ ದನಿ ಕೊಡುತ್ತದೆ, ಆ ದನಿಗೆ ಉದ್ದನೆಯ ಬಾಲ ಇರುತ್ತದೆ. ಒಳಗೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೆ ಕಣ್ಣಿಗೆ ಕಾಣದು, ಆದರೆ ದನಿ ಬಡಿದಲ್ಲೇ ಸಾಯುತ್ತದೆ. ದನಿ ಬಂದದ್ದು ಬಲಗಡೆಯ ಅಟ್ಟಿಗೆ, ಸತ್ತದ್ದು ಎಡಗಡೆಯ ಕಳಪೆ ರಾಶಿಗೆ. ಬಲಗಡೆಯದು ಮಂಜಿ ಹಡಗು ಹತ್ತಿ ದೂರ ದೂರದ ಊರುಗಳ ಮನೆಗಳ ಮೇಲೆ ಕೂರುತ್ತದೆ. ಎಡಗಡೆಯದನ್ನು ಪುಡಿ ಮಾಡಿ ದಾರಿಗೆ ಹಾಸುತ್ತಾರೆ.

ನಮ್ಮದು ಕಡಲಿಗೆ ಹೋಗುವ ಮನೆತನ. ತಂದೆ, ಅಣ್ಣಂದಿರು, ಮಾವಂದಿರು ಎಲ್ಲರೂ ಬಲೆ ಹಿಡಿದವರೇ. ಗಂಟೆ ಹೊಡೆದಾಗ ಕೆಲಸ ಶುರುವಾಗಿ ಗಂಟೆ ಹೊಡೆದಾಗ ಮುಗಿಯುವ ಜಾಗ ಒಂದು ಉಂಟೆಂದು ಕೇಳಿ ತಂದೆ ನನ್ನನ್ನು ಹುಡುಗನಾಗಿದ್ದಾಗಲೇ ಕಾರ್ಖಾನೆಗೆ ಸೇರಿಸಿದರು. ಆ ಗಂಟೆ ನನ್ನ ಮೈಗೆ ಹತ್ತಿತು. ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಅದರ ಪ್ರಕಾರ. ಭಾನುವಾರ ಕೂಡ ನಾನು ಮಧ್ಯಾಹ್ನದ ಗಂಟೆಯ ಹೊತ್ತಿಗೇ ಎಲೆಯ ಮುಂದೆ ಕೂರುತ್ತೇನೆಂದು ರುಕ್ಕು ನಗುತ್ತಾಳೆ.

ಆ ವರ್ಷ ಮಳೆಗಾಲ ಮುಗಿದು ಭಟ್ಟಿ ಹೊತ್ತಿಸಿದ ಮೇಲೆ ಹೆಂಚುಗಳು ಕೆಟ್ಟವು. ಮೊದಲ ದಿನ ಕಳಪೆ ರಾಶಿ ಸ್ವಲ್ಪ ದೊಡ್ಡದಾಯಿತು. ವಾರ ಕಳೆಯುವಷ್ಟರಲ್ಲಿ ಅದು ಅಟ್ಟಿಗಿಂತ ಎತ್ತರವಾಯಿತು. ಬಡಿದರೆ ಕೊಬ್ಬರಿ ಚಿಪ್ಪು ತಟ್ಟಿದ ಹಾಗೆ, ಅಷ್ಟೇ. ಮಣ್ಣು ಸರಿಯಿಲ್ಲವೆಂದು ಅದನ್ನು ತರುವ ದೋಣಿ ಬದಲಿಸಿದರು, ಮೇಲಿನ ಹೊಳೆಯಿಂದ ಬೇರೆ ಮಣ್ಣು ಬಂತು. ಸೌದೆ ಹಸಿಯೆಂದು ಸೌದೆ ಬದಲಿಸಿದರು. ಭಟ್ಟಿಯನ್ನು ಬೇಗ ತಣಿಸುತ್ತಾನೆಂದು ಕಾಂತಪ್ಪನನ್ನು ಬೈದರು. ಅವನು ಇನ್ನೂ ನಿಧಾನವಾಗಿ ತಣಿಸಿದ, ಬಾಗಿಲಿನ ಇಟ್ಟಿಗೆ ಒಂದೊಂದಾಗಿ ತೆಗೆದ. ಹೆಂಚು ಹಾಗೇ ಬಂತು. ಧಣಿಗಳು ಒಂದು ದಿನ ಎಲ್ಲರೆದುರಿಗೇ ಹೇಳಿದರು: "ಬರುವ ಭಟ್ಟಿಯೂ ಹೀಗೇ ಆದ್ರೆ ಕಾಂತಪ್ಪ ಸೌದೆ ಹೊರುವ ಕೆಲಸಕ್ಕೆ ಹೋಗ್ಲಿ. ಫೆರೋಕಿನ ಹೆಂಚಿನ ಕಾರ್ಖಾನೆಯಿಂದ ಒಬ್ಬನನ್ನು ತರಿಸ್ತೇನೆ."

ಕಾಂತಪ್ಪ ಇಪ್ಪತ್ತು ವರ್ಷದಿಂದ ಆ ಭಟ್ಟಿಯ ಮುಂದೆ ಇದ್ದವನು. ಜ್ವಾಲೆಯ ಬಣ್ಣ ನೋಡಿಯೇ ಬೆಂಕಿ ಎಷ್ಟೆಂದು ಹೇಳುವವನು. ಅವನು ಅಂದು ಊಟ ಮಾಡಲಿಲ್ಲ.

ಅದರ ಮಾರನೆಯ ದಿನ ಧಣಿಗಳ ಆಫೀಸಿಗೆ ಹೋಗಿದ್ದೆ. ಅವರ ಗೋಡೆಯ ಮೇಲೆ ಕಾರ್ಖಾನೆಯ ಮೊದಲ ಭಟ್ಟಿಯ ಒಂದು ಹೆಂಚನ್ನು ಮೊಳೆಗೆ ತೂಗುಹಾಕಿದ್ದಾರೆ. ವ್ಯಾಪಾರಿಗಳು ಬಂದರೆ ಅದನ್ನು ಬೆರಳಲ್ಲಿ ತಟ್ಟಿ ತೋರಿಸುವುದು ವಾಡಿಕೆ. ಅದರ ದನಿ ಹೊರಗಿನ ಅಂಗಳದವರೆಗೆ ಕೇಳುತ್ತದೆಂದು ಎಲ್ಲರಿಗೂ ಗೊತ್ತು. ಧಣಿಗಳು ಬರುವವರೆಗೆ ಸುಮ್ಮನೆ ನಿಂತಿದ್ದವನು ಅಭ್ಯಾಸಬಲದಿಂದ ಅದನ್ನು ತಟ್ಟಿದೆ. ಕೊಬ್ಬರಿ ಚಿಪ್ಪು.

ಮತ್ತೆ ತಟ್ಟಿದೆ. ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಿರುಕಿಲ್ಲ. ಒಳಗೆ ಬಂದ ಗುಮಾಸ್ತರು, "ಎಂತ ಮೇಸ್ತ್ರಿಗಳೇ, ಇದನ್ನೂ ಕಳಪೆ ಮಾಡ್ತೀರಾ?" ಎಂದು ನಕ್ಕರು. ಅವರ ನಗು ನನಗೆ ಚೆನ್ನಾಗಿಯೇ ಕೇಳಿಸಿತು.

ಸಂಜೆ ಮನೆಗೆ ಹೋಗಿ ಅಡುಗೆಮನೆಯಲ್ಲಿದ್ದ ಕಂಚಿನ ಬಟ್ಟಲನ್ನು ತೂಗುಹಿಡಿದು ಬಡಿದೆ. ಹಿತ್ತಾಳೆಯ ಚೆಂಬು ಬಡಿದೆ. ಸಾಲಾಗಿ ಇದ್ದಬದ್ದ ಪಾತ್ರೆಗಳನ್ನೆಲ್ಲ ಬಡಿಯುತ್ತ ಹೋದೆ. ರುಕ್ಕು ಹಿತ್ತಿಲಿನಿಂದ ಓಡಿ ಬಂದಳು. ಅವಳ ಬಾಯಿ ಆಡುವುದು ಕಂಡಿತು. ಹತ್ತಿರ ಬಂದು ತೋಳು ಹಿಡಿದಾಗ ಮಾತು ಕೇಳಿತು: "ಎಂತ ಆಗಿದೆ ನಿಮಗೆ? ಕಿವಿ ತೂತಾಗುವ ಹಾಗೆ ಯಾಕೆ ಬಡೀತೀರಿ?"

"ನಿನಗೆ ಕೇಳ್ತದಾ?"

"ನಂಗೆ ಮಾತ್ರ ಅಲ್ಲ, ಆಚೆ ಮನೆಯವರಿಗೂ ಕೇಳ್ತದೆ!"

ನಾನು ಬಟ್ಟಲನ್ನು ಅದರ ಜಾಗದಲ್ಲಿಟ್ಟು ಕುಳಿತುಕೊಂಡೆ. ಕೆಲವು ತಿಂಗಳುಗಳಿಂದ ನನ್ನ ಜೇಬಿನ ಗಡಿಯಾರ ಕೀಲಿ ಕೊಟ್ಟು ಕಿವಿಗೆ ಹಿಡಿದರೆ ನಿಂತಂತಿರುತ್ತಿತ್ತು, ಮುಳ್ಳು ಮಾತ್ರ ಓಡುತ್ತಿತ್ತು. ರಿಪೇರಿಯವನು ಎರಡು ಸಲ ಬಿಚ್ಚಿ, ಏನೂ ಆಗಿಲ್ಲವೆಂದು ಹೇಳಿ ಕಳಿಸಿದ್ದ. ಅವನಿಗೆ ಕೆಲಸ ಬರುವುದಿಲ್ಲವೆಂದುಕೊಂಡಿದ್ದೆ. ಈಗ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡಿದೆ: ಮಣ್ಣು, ಸೌದೆ, ಭಟ್ಟಿ, ಗಡಿಯಾರ. ಯಾವುದಕ್ಕೂ ಏನೂ ಆಗಿರಲಿಲ್ಲ.

ಭಯ ಆಯಿತೆಂದು ಬರೆಯುವುದಕ್ಕೆ ನಾಚಿಕೆಯಿಲ್ಲ. ಆದರೆ ಭಯಕ್ಕಿಂತ ಮೊದಲು ಒಂದು ವಿಚಿತ್ರವಾದ ಕುತೂಹಲ ಬಂತು. ಮಾತು ಕೇಳುವ ಕಿವಿಗೆ ಕಂಚು ಯಾಕೆ ಕೇಳುವುದಿಲ್ಲ? ಕಿವಿ ಹೋಗುವುದಾದರೆ ದೀಪ ಆರಿದ ಹಾಗೆ ಪೂರ್ತಿ ಹೋಗಬೇಡವೇ?

ಮರುದಿನ ಮೊದಲ ಗಂಟೆಗೂ ಮುಂಚೆ ಕಾಂತಪ್ಪನಿಗೆ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಕಿವಿಯನ್ನೇ ನೋಡಿದ, ಅಲ್ಲಿ ಏನೋ ಕಾಣುವುದುಂಟು ಎಂಬ ಹಾಗೆ. ಆಮೇಲೆ, "ದೂಮಣ್ಣ, ಈ ಹೆಂಚುಗಳ ದೆಸೆಯಿಂದ ಮನೆಯಲ್ಲಿ ಹೆಂಡತಿ ನನಗೆ ಬೆಂಕಿ ಹಾಕ್ಲಿಕ್ಕೂ ಬರುದಿಲ್ಲ ಅಂತ ಒಲೆ ಮುಂದೆ ಕೂರ್ಲಿಕ್ಕೆ ಬಿಡುದಿಲ್ಲ, ಗೊತ್ತುಂಟಾ?" ಎಂದ. ಬೈಯುತ್ತಾನೋ ನಗುತ್ತಾನೋ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಲ್ಲವೆಂದು ಕಾಣುತ್ತದೆ.

ಇಬ್ಬರೂ ಕೂಡಿ ಧಣಿಗಳ ಹತ್ತಿರ ಹೋದೆವು. ಕಷ್ಟ ಶುರುವಾದದ್ದು ಅಲ್ಲಿ. ಧಣಿಗಳದು ಗುಂಡುಕಲ್ಲು ಉರುಳಿದಂಥ ದಪ್ಪ ಸ್ವರ. ಅವರು ಕೂತಲ್ಲಿಂದಲೇ, ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದರು: "ಬೆಳಿಗ್ಗೆ ಎಂತ ತಿಂದೆ ದೂಮಪ್ಪ?"

"ಗಂಜಿ, ಧಣಿ."

"ನೋಡು! ಇಷ್ಟು ಮೆಲ್ಲ ಕೇಳಿದ್ರೂ ಉತ್ತರ ಬಂತು. ಕಿವಿ ಹೋಗಿದೆ ಅಂದ್ರೆ ನಂಬ್ಲಿಕ್ಕೆ ನಾನೆಂತ ಮಗುವಾ? ಕಾಂತಪ್ಪ ನಿನ್ನ ದೋಸ್ತಿ. ಅವನನ್ನು ಉಳಿಸ್ಲಿಕ್ಕೆ ನೀನು ಕಿವುಡನಾಗಿದ್ದಿ, ಅಷ್ಟೇ."

ಆಡಿದ ಮಾತೆಲ್ಲ ತುಳುವಿನದು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಅಂದು ಅವರು ಕೊನೆಗೆ ಹೇಳಿದ್ದನ್ನು ಮಾತ್ರ ಯಾವ ಭಾಷೆಯಲ್ಲಿ ಬರೆದರೂ ಒಂದೇ: ನಾನು ಕಿವುಡನೆಂದು ಅವರ ಕಣ್ಣೆದುರಿಗೆ ತೋರಿಸಿದರೆ ಕಾಂತಪ್ಪ ಭಟ್ಟಿಯಲ್ಲಿ ಉಳಿಯುತ್ತಾನೆ. ನಾನು ಕಿವುಡನಾಗಿದ್ದರೆ ಬೆಂಚಿನಲ್ಲಿ ಉಳಿಯುವಂತಿಲ್ಲ. ಕಿವಿಗೆ ಏನಾದರೂ ದಾರಿಯಿದ್ದರೆ ಬರುವ ಭಟ್ಟಿಯ ಮೊದಲು ನೋಡಿಕೊಳ್ಳಬೇಕು.

ಹೀಗೆ ನಾವು ಆ ಸೋಮವಾರ ಕೊಡಿಯಾಲ್‌ಬೈಲಿಗೆ ಹೋದೆವು. ಮಳೆ ನಿಂತು ಸ್ಟೀಮರು ಓಡಲು ಶುರುವಾದ ಮೇಲೆ ಬೊಂಬಾಯಿಯ ಏಜೆಂಟರು ವರ್ಷಕ್ಕೊಮ್ಮೆ ಬರುತ್ತಾರೆಂದು ಡಾಕ್ಟರರು ತಿಳಿಸಿದ್ದರು. ಅವರು ಅದೇ ಸಂಜೆಯ ಸ್ಟೀಮರಿಗೆ ಹೊರಡುವವರಿದ್ದರು.

ದವಾಖಾನೆಯ ಜಗಲಿಯಲ್ಲಿ ಬೇರೆ ಕೆಲವರು ಕಾಯುತ್ತಿದ್ದರು. ಕಂಪೌಂಡರ್ ಬಾಗಿಲಿಗೆ ಬಂದು ಹೆಸರು ಕರೆಯುತ್ತಿದ್ದ. ಯಾರೂ ಏಳುತ್ತಿರಲಿಲ್ಲ. ಎಲ್ಲರೂ ಕಿವಿ ತೋರಿಸಲು ಬಂದವರಲ್ಲವೇ! ಅವನು ಒಬ್ಬೊಬ್ಬರ ಭುಜ ತಟ್ಟಿ ಹೆಸರು ಕೇಳುತ್ತ ಬರಬೇಕಾಗಿತ್ತು. ಬಂದರದ ಒಬ್ಬ ಬ್ಯಾರಿ ಸಾಹುಕಾರರು ನನ್ನನ್ನು ನೋಡಿ, "ನಿಮಗೆ ಯಾವ ಕಿವಿ?" ಎಂದು ಜಗಲಿ ನಡುಗುವಂತೆ ಕೇಳಿದರು. "ಎರಡೂ," ಎಂದೆ. "ನಂಗೆ ಎಡದ್ದು. ಹೆಂಡತಿ ಬಲಗಡೆ ಮಲಗ್ತಾಳೆ, ಅದೇ ಕಷ್ಟ," ಎಂದರು. ನನ್ನನ್ನು ಬಿಟ್ಟರೆ ಜಗಲಿಯಲ್ಲಿ ಕೇಳಿಸಿಕೊಂಡವರು ಕಾಂತಪ್ಪ, ರುಕ್ಕು ಇಬ್ಬರೇ. ಅವರಿಬ್ಬರೂ ನಕ್ಕು ಸುಸ್ತಾದರು. ಮನೆ ಬಿಟ್ಟಾಗಿನಿಂದ ಮೊದಲ ಸಲ ನಾನೂ ನಕ್ಕೆ.

ಡಾಕ್ಟರರು ಕಿವಿಯೊಳಗೆ ಕನ್ನಡಿಯ ಬೆಳಕು ಬಿಟ್ಟು ನೋಡಿದರು. "ಎಣ್ಣೆ ಬಿಡ್ತಿದ್ದೀರಾ?" ಎಂದು ಕೇಳಿದರು. ನಾನು ರುಕ್ಕುವನ್ನು ನೋಡಿದೆ. ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ತೆಂಗಿನೆಣ್ಣೆಯನ್ನು ಅವಳು ವಾರದಿಂದ ಬಿಡುತ್ತಿದ್ದಳು. "ಇನ್ನು ಬಿಡಬೇಡಿ, ಒಗ್ಗರಣೆಗೆ ಇಟ್ಟುಕೊಳ್ಳಿ," ಎಂದರು.

ಆಮೇಲೆ ಬೀರುವಿನಿಂದ ಒಂದು ಮರದ ಪೆಟ್ಟಿಗೆ ತೆಗೆದರು. ಅದರಲ್ಲಿ ಎರಡು ಕವಲಿನ ಉಕ್ಕಿನ ಕವೆಗಳು, ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಮಲಗಿದ್ದವು. ದೊಡ್ಡದನ್ನು ಮೊಣಕಾಲಿಗೆ ಹೊಡೆದು ನನ್ನ ಕಿವಿಯ ಹತ್ತಿರ ಹಿಡಿದರು. ಜೇನ್ನೊಣದ ಗೂಡಿನಂತೆ ಗುಂಯ್‌ಗುಟ್ಟಿತು. ಎರಡನೆಯದು ಕೇಳಿತು. ಅದರ ಮುಂದಿನದು ಎಲ್ಲೋ ಗೋಡೆಯಾಚೆ ಇದ್ದ ಹಾಗೆ ಕೇಳಿತು. ಅದಕ್ಕಿಂತ ಚಿಕ್ಕದನ್ನು ಹೊಡೆದು ಹಿಡಿದರು. ಕವಲುಗಳು ನಡುಗುವುದು ಕಣ್ಣಿಗೆ ಕಾಣುತ್ತಿತ್ತು, ಅಂಚು ಮಸುಕಾಗಿತ್ತು. ಸದ್ದಿಲ್ಲ.

"ಹೊಡೆದಿದ್ದೀರಾ?" ಎಂದು ಕೇಳಿದೆ.

"ಹೊಡೆದಿದ್ದೇನೆ."

ಅನುಮತಿ ಕೇಳಿ ಕವೆಯನ್ನು ನಾನೇ ತೆಗೆದುಕೊಂಡೆ. ತುಟಿಗೆ ತಾಗಿಸಿದರೆ ಕಚಗುಳಿಯಾಯಿತು. ಇಡೀ ಸದ್ದು ನನ್ನ ಕೈಯೊಳಗೆ ಇದ್ದೂ ಕಿವಿಗೆ ಬಂದಿರಲಿಲ್ಲ. ಮತ್ತೊಮ್ಮೆ ಎಲ್ಲವನ್ನೂ ಕ್ರಮವಾಗಿ ಹೊಡೆಯಿರೆಂದು ಕೇಳಿಕೊಂಡೆ. ಡಾಕ್ಟರರಿಗೆ ನನ್ನ ಹಟ ನೋಡಿ ಹುರುಪು ಬಂದಿರಬೇಕು, ಇನ್ನೊಮ್ಮೆ ಹೊಡೆದರು. ನನ್ನ ಕಿವಿಗೆ ಒಂದು ಬೇಲಿ ಇತ್ತು. ಮೂರನೆಯ ಕವೆಯ ಹತ್ತಿರ ಅದು ನಿಂತಿತ್ತು. ಬೇಲಿಯ ಈಚೆಗೆ ಗಂಡಸರ ಮಾತು, ಗಾಡಿಯ ಚಕ್ರ, ಕಡಲು. ಆಚೆಗೆ ಏನೇನು ಉಂಟೆಂದು ನನಗೆ ಮರೆತೇಹೋಗಿತ್ತು.

"ಹೆಂಚು ತೆಗಿ," ಎಂದೆ ಕಾಂತಪ್ಪನಿಗೆ.

ಅವನು ಒಳ್ಳೆಯ ಹೆಂಚನ್ನು ತೂಗುಹಿಡಿದು ಬಡಿದ. ಡಾಕ್ಟರರು ಒಂದೊಂದೇ ಕವೆ ಹೊಡೆದು ಹೆಂಚಿನ ದನಿಯೊಂದಿಗೆ ಹೋಲಿಸಿದರು. ಬೇಲಿಯಾಚೆಯ ಮೊದಲನೆಯ ಕವೆ ಹತ್ತಿರ ಬಂದಾಗ ರುಕ್ಕು, ಕಾಂತಪ್ಪ, ಡಾಕ್ಟರರು ಮೂವರೂ ಒಟ್ಟಿಗೆ ತಲೆ ಆಡಿಸಿದರು. ನಾನು ಅವರ ತಲೆಗಳನ್ನು ನೋಡಿ ತಿಳಿದುಕೊಂಡೆ.

"ಪ್ರಾಯ ಒಂದು, ಅಷ್ಟು ವರ್ಷ ಯಂತ್ರದ ಸದ್ದಿನಲ್ಲಿ ಕೂತದ್ದು ಇನ್ನೊಂದು," ಎಂದರು ಡಾಕ್ಟರರು. "ಸಣ್ಣ ದನಿ ಮೊದಲು ಹೋಗ್ತದೆ. ಹೆಂಗಸರದ್ದು, ಮಕ್ಕಳದ್ದು, ಹಕ್ಕಿಯದ್ದು. ಹೋದದ್ದು ತಿರುಗಿ ಬರುವುದಿಲ್ಲ. ಅದಕ್ಕೆ ಮದ್ದು ನನ್ನಲ್ಲಿಲ್ಲ."

ನಾನು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ರುಕ್ಕು ನನ್ನ ಪಕ್ಕಕ್ಕೇ ಬಂದು ಕೇಳಿದಳು: "ಹೆಂಗಸರದ್ದು ಮೊದಲು ಹೋಗ್ತದಾ ಡಾಕ್ಟ್ರೇ? ಅಂಗಡಿಯವ ಮಾತಾಡಿದ್ರೆ ಉತ್ತರ ಕೊಡ್ತಾರೆ, ನಾನು ಮಾತಾಡಿದ್ರೆ ಗೋಡೆ ನೋಡ್ತಾರೆ. ಅದು ಬೇಕಂತ ಮಾಡಿದ್ದಲ್ಲ?"

"ಅಲ್ಲಮ್ಮ. ತೀರ ಹತ್ತಿರ ಬಂದು ಹೇಳದಿದ್ರೆ ನಿಮ್ಮ ಸ್ವರ ಇವರ ಕಿವಿಗೆ ಮುಟ್ಟುವುದೇ ಇಲ್ಲ."

"ಎರಡು ವರ್ಷದಿಂದ ನಾನು ಇವರ ಹತ್ತಿರ ಸಿಟ್ಟು ಮಾಡಿಕೊಂಡಿದ್ದೆ," ಎಂದಳು ರುಕ್ಕು. ನನಗೆ ಆ ಸಿಟ್ಟೂ ಕೇಳಿಸಿರಲಿಲ್ಲ. ಆದರೆ ಅವಳ ಮುಖ ಎಷ್ಟು ಹಗುರವಾಯಿತೆಂದರೆ, ಮದ್ದಿಲ್ಲವೆಂಬ ಮಾತಿನ ಭಾರ ನನಗೂ ಅರ್ಧ ಕಡಿಮೆಯಾಯಿತು.

ಇನ್ನು ಏಜೆಂಟರ ಸರದಿ. ಅವರು ಮಂಗಳೂರಿನವರೇ, ಬೊಂಬಾಯಿಯಲ್ಲಿ ಕೆಲಸಕ್ಕಿದ್ದವರು. ನಮ್ಮ ಕಡೆ ಕ್ರೈಸ್ತ ಗೃಹಸ್ಥರನ್ನು ಪೊರ್ಬುಗಳೆಂದು ಕರೆಯುವ ರೂಢಿ, ನಾವೂ ಹಾಗೇ ಕರೆದೆವು. ಅವರು ಮಖಮಲ್ಲಿನ ಪೆಟ್ಟಿಗೆ ಬಿಚ್ಚಿ ಮೂರು ವಸ್ತು ಹೊರಗಿಟ್ಟರು: ಅಂಗಿಯ ಮೇಲೆ ಎದೆಗೆ ಸಿಕ್ಕಿಸುವ ಕಪ್ಪು ಬಿಲ್ಲೆ, ಜೇಬಿಗೆ ಹಾಕುವ ಬ್ಯಾಟರಿ, ಕಿವಿಗೆ ಒತ್ತುವ ಗುಂಡಿ. ಮೂರನ್ನೂ ಜೋಡಿಸುವ ಹೆಣೆದ ತಂತಿ. ತಲೆಯ ಮೇಲಿಂದ ಬರುವ ಉಕ್ಕಿನ ಪಟ್ಟಿಯೊಂದು ಗುಂಡಿಯನ್ನು ಕಿವಿಗೆ ಹಿಡಿದಿಡುತ್ತಿತ್ತು.

"ಬಿಲ್ಲೆಯ ಒಳಗೆ ಎಂತ ಉಂಟು ಪೊರ್ಬುಗಳೇ?" ಎಂದು ಕೇಳಿದೆ.

"ಇದ್ದಿಲು. ಸಣ್ಣ ಸಣ್ಣ ಕಾಳು. ಸ್ವರ ತಾಗಿದ್ರೆ ಕಾಳು ಒತ್ತಿಕೊಳ್ತದೆ, ಕರೆಂಟು ಹೆಚ್ಚುಕಮ್ಮಿ ಆಗ್ತದೆ. ಕೆಲವು ಸಲ ಕಾಳು ಗಂಟು ಕಟ್ತದೆ. ಆಗ ಹೀಗೆ ಬೆರಳಲ್ಲಿ ತಟ್ಟಬೇಕು."

"ಇದ್ದಿಲಾ?" ಎಂದ ಕಾಂತಪ್ಪ. "ಅದನ್ನು ಬೊಂಬಾಯಿಯಿಂದ ಯಾಕೆ ತಂದ್ರಿ ಮಾರಾಯ್ರೆ? ನಮ್ಮ ಭಟ್ಟಿಯಲ್ಲಿ ಗಾಡಿಗಟ್ಟಲೆ ಉಂಟು."

ಗುಂಡಿಯನ್ನು ನನ್ನ ಕಿವಿಗೆ ಒತ್ತಿ ಕೀಲಿ ತಿರುಗಿಸಿದರು. ಮೊದಲು ಬಂದದ್ದು ಬಾಣಲೆಯಲ್ಲಿ ಎಣ್ಣೆ ಕಾದ ಸದ್ದು. ಅದು ನಿಲ್ಲಲಿಲ್ಲ, ಇವತ್ತಿಗೂ ನಿಂತಿಲ್ಲ. ಆಮೇಲೆ ನನ್ನ ಅಂಗಿಯ ಬಟ್ಟೆ ಬಿಲ್ಲೆಗೆ ಉಜ್ಜಿದ್ದು, ಮರ ಕೊಯ್ದ ಹಾಗೆ. ಮೇಜಿನ ಮೇಲೆ ಕಾಗದ ಸರಿಸಿದರು. ಬೆಚ್ಚಿಬಿದ್ದೆ. ಕಾಗದಕ್ಕೆ ಸದ್ದು ಉಂಟೆಂಬುದೇ ನನಗೆ ನೆನಪಿರಲಿಲ್ಲ. ಕೈಗೆತ್ತಿಕೊಂಡು ಮಡಚಿದೆ, ಬಿಚ್ಚಿದೆ, ಮಡಚಿದೆ. ಅದು ಡಾಕ್ಟರರ ಯಾವುದೋ ಮುಖ್ಯವಾದ ಕಾಗದವಾಗಿತ್ತು, ಅವರು ಮೆಲ್ಲನೆ ತೆಗೆದುಕೊಂಡರು.

"ಯಾರಾದ್ರೂ ಮಾತಾಡಿ," ಎಂದರು ಪೊರ್ಬುಗಳು.

ರುಕ್ಕು ಹಿಂದಿನಿಂದ ಹೇಳಿದಳು: "ಒಲೆಯಲ್ಲಿ ಕೆಂಡ ಮುಚ್ಚಿಟ್ಟು ಬಂದಿದ್ದೇನೆ. ಬೇಗ ಮುಗಿಸ್ಲಿಕ್ಕೆ ಹೇಳಿ."

ಒಂದು ಅಕ್ಷರವೂ ಬಿಡದೆ ಕೇಳಿತು. ತಿರುಗಿ ನೋಡಿದೆ. "ನಿನ್ನ ಸ್ವರ ಹೀಗಿತ್ತಾ?"

"ಹೇಗೆ?"

"ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗೆ."

"ಪೊರ್ಬುಗಳೇ, ಅದನ್ನು ತೆಗೆದುಬಿಡಿ," ಎಂದಳು ರುಕ್ಕು.

ಪೊರ್ಬುಗಳು ಗುಂಡಿ ಬದಲಿಸಿ, ಬೇರೆ ಎರಡು ಬಿಲ್ಲೆಗಳನ್ನು ಹಾಕಿ ನೋಡಿದರು. ಪ್ರತಿಯೊಂದಕ್ಕೂ ನಾನು ಕವೆಗಳನ್ನು ಮೊದಲಿನಿಂದ ಹೊಡೆಸಿದೆ. ಮೂರನೆಯ ಬಿಲ್ಲೆಯಲ್ಲಿ ಬೇಲಿ ಸ್ವಲ್ಪ ಆಚೆಗೆ ಸರಿಯಿತು. ಕಾಂತಪ್ಪ ಹೆಂಚು ಬಡಿದ. ಏನೋ ಬಂತು. ಕಂಚಲ್ಲ, ತಟ್ಟೆಯ ಮೇಲೆ ಚಮಚ ಬಿದ್ದ ಹಾಗೆ. ಆದರೂ ಬಂತು.

"ಇಲ್ಲಿ ಬಂದ್ರೆ ಸಾಲದು," ಎಂದೆ. "ಧಣಿಗಳೆದುರು ಬರಬೇಕು."

ಯಂತ್ರ ಮಾರದೆ ಸ್ಟೀಮರು ಹತ್ತಲು ಪೊರ್ಬುಗಳಿಗೂ ಮನಸ್ಸಿರಲಿಲ್ಲ. ರುಕ್ಕು ಮನೆಗೆ ಹೋದಳು. ನಾವು ಮೂವರು ಜಟಕಾ ಹತ್ತಿ ಕಾರ್ಖಾನೆಗೆ ಬಂದೆವು.

ಧಣಿಗಳು ಬೆಂಚಿನ ಹತ್ತಿರ ತೆಂಗಿನ ಮಡಲಿನ ತಡಿಕೆ ನಿಲ್ಲಿಸಿದರು. ನನ್ನನ್ನು ಈಚೆ ಕೂರಿಸಿ ತಾವು ಆಚೆ ಹೋದರು. "ಕಾಂತಪ್ಪ ಮುಟ್ಟುವುದು ಬೇಡ. ನಾನೇ ಬಡೀತೇನೆ," ಎಂದರು. ಮೊದಲು ಯಂತ್ರವಿಲ್ಲದೆ. ಅವರ ಗೆಣ್ಣು ಮೆದು, ಸ್ವಲ್ಪ ಹೊತ್ತಿಗೆ ಕೈ ಬದಲಿಸಿದ್ದು ತಡಿಕೆಯ ಸಂದಿನಲ್ಲಿ ಕಂಡಿತು. ಒಂದೊಂದಕ್ಕೂ ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ.

"ಒಡೆದದ್ದು."

"ಇದು?"

"ಒಡೆದದ್ದು."

"ಇದು?"

"ಅದೂ ಒಡೆದದ್ದೇ, ಧಣಿ."

ಧಣಿಗಳು ತಡಿಕೆ ಸರಿಸಿ ಹೊರಬಂದರು. ಅವರ ಕೈಯಲ್ಲಿದ್ದದ್ದು ಆಫೀಸಿನ ಗೋಡೆಯ ಹೆಂಚು. ಅದಕ್ಕಿಂತ ಮೊದಲು ಅವರು ಬಡಿದದ್ದೆಲ್ಲ ಹಿಂದಿನ ವರ್ಷ ನಾನೇ ಒಳ್ಳೆಯದೆಂದು ಅಟ್ಟಿಗೆ ಹಾಕಿದ ಹೆಂಚುಗಳು. "ಸಂದಿನಿಂದ ನಿನ್ನ ಮುಖ ನೋಡ್ತಿದ್ದೆ. ಈ ದನಿ ಕೇಳಿದವನ ಮುಖ ಹಾಗಿರುವುದಿಲ್ಲ," ಎಂದರು. ಆಮೇಲೆ ಕಾಂತಪ್ಪನ ಕಡೆ ತಿರುಗಿ, "ನಾಳೆ ಭಟ್ಟಿ ತುಂಬಿಸು," ಎಂದರು.

ಕಾಂತಪ್ಪ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಭಟ್ಟಿಯ ಬಾಯಿಯ ಮುಂದೆ ದಿನವಿಡೀ ನಿಲ್ಲುವವನ ಮುಖದಲ್ಲಿ ಅಷ್ಟು ಬೆವರನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

"ಅವನದ್ದು ಆಯ್ತು. ನಿನ್ನದು?" ಎಂದರು ಧಣಿಗಳು ನನಗೆ.

ಬಿಲ್ಲೆ ಸಿಕ್ಕಿಸಿ, ಪಟ್ಟಿ ತಲೆಗೇರಿಸಿ ಕೀಲಿ ತಿರುಗಿಸಿದೆ. ಮಣ್ಣು ಅರೆಯುವ ಯಂತ್ರ, ಹೆಂಚು ಒತ್ತುವ ಅಚ್ಚು, ತೊಗಲಿನ ಪಟ್ಟೆಗಳು, ಹೆಂಗಸರು ಹಲಗೆ ಹೊತ್ತು ಓಡುವ ಹೆಜ್ಜೆ, ಎಲ್ಲವೂ ಒಟ್ಟಾಗಿ ತಲೆಯೊಳಗೆ ನುಗ್ಗಿತು. ಧಣಿಗಳು ಬಡಿದರೋ ಇಲ್ಲವೋ ತಿಳಿಯಲಿಲ್ಲ. ಒಂದಕ್ಕೆ ಗಟ್ಟಿ ಎಂದೆ, ಒಂದಕ್ಕೆ ಒಡೆದದ್ದು ಎಂದೆ, ಕುರುಡನ ಹಾಗೆ. ಪೊರ್ಬುಗಳು ಬಿಲ್ಲೆ ತಟ್ಟಿದರು, ಕೀಲಿ ತಿರುಗಿಸಿದರು, ಕೊರಳಪಟ್ಟಿ ಸಡಿಲಿಸಿಕೊಂಡರು.

"ಇದಕ್ಕಿಂತ ಕಿವುಡೇ ಒಳ್ಳೇದು ಮಾರಾಯ," ಎಂದರು ಧಣಿಗಳು. ಬೈದದ್ದಲ್ಲ. ಅವರ ದನಿಯಲ್ಲಿ ಬೇಸರ ಇತ್ತು. ಅದೇ ನನಗೆ ಹೆಚ್ಚು ತಾಗಿತು. ಬೆಂಚಿನ ಅಂಚನ್ನು ಹಿಡಿದುಕೊಂಡೆ. ನಾಳೆ ಇಲ್ಲಿ ಬೇರೆ ಯಾರೋ ನಿಂತಿರುತ್ತಾರೆ, ನಾನು ಗೇಟಿನ ಹತ್ತಿರ ಕಾವಲಿನವನ ಸ್ಟೂಲಿನ ಮೇಲೆ.

ಅಷ್ಟರಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು. ಯಂತ್ರದೊಳಗಿಂದ ಅದು ಕಪಾಳಕ್ಕೆ ಹೊಡೆದ ಹಾಗೆ ಬಂತು. ಗುಂಡಿ ಕಿತ್ತು ಹಾರಿ ನಿಂತೆ. ಹಲಗೆ ಹೊತ್ತ ಹೆಂಗಸರೆಲ್ಲ ನಕ್ಕರು. ಯಂತ್ರಗಳು ಒಂದರ ಹಿಂದೆ ಒಂದು ನಿಂತವು. ಜನ ಬುತ್ತಿ ಹಿಡಿದು ನೆರಳಿಗೆ ಹೋದರು. ಎದುರಿನ ಹೊಳೆಯೂ ಸುಮ್ಮನಿತ್ತು.

ಆ ಗಂಟೆಗೆ ನಾನು ಊಟಕ್ಕೆ ಕೂರದೇ ಇದ್ದ ದಿನ ನನಗೆ ನೆನಪಿಲ್ಲ. ಕಾಲು ತಾನಾಗಿ ಬುತ್ತಿಯ ಕಡೆ ತಿರುಗಿತ್ತು. ನಿಂತೆ. ಗುಂಡಿಯನ್ನು ಮತ್ತೆ ಕಿವಿಗೆ ಇಟ್ಟುಕೊಂಡೆ. ಬಾಣಲೆಯ ಎಣ್ಣೆ ಮಾತ್ರ ಕಾಯುತ್ತಿತ್ತು.

"ಧಣಿ, ಈಗ ಇನ್ನೊಂದು ಸಲ. ಮೊದಲು ಗಟ್ಟಿಯಾದದ್ದು ಒಂದು, ಒಡೆದದ್ದು ಒಂದು, ಇಂಥದ್ದು ಅಂತ ಹೇಳಿ ಬಡೀರಿ. ಈ ದನಿ ನನಗೆ ಹೊಸದು. ಕಲಿಯಬೇಕು."

ಅವರು ಹಾಗೇ ಮಾಡಿದರು. ಗಟ್ಟಿಯಾದದ್ದು ಚಮಚದ ಸದ್ದು ಮಾಡಿ, ಎಣ್ಣೆಯ ಸದ್ದಿನ ಒಳಗೆ ಒಂದು ಎಳೆ ಬಿಟ್ಟುಹೋಯಿತು. ಒಡೆದದ್ದು ಚಮಚದ ಸದ್ದು ಮಾಡಿ ಅಲ್ಲೇ ಮುಗಿಯಿತು. ಆ ಎಳೆಯನ್ನು ಹಿಡಿಯಬೇಕು, ಅಷ್ಟೇ. ಕಣ್ಣು ಮುಚ್ಚಿದೆ. ಧಣಿಗಳು ಬಡಿಯುತ್ತ ಹೋದರು. ಮೊದಲನೆಯದು ತಪ್ಪಿತು. ಎರಡನೆಯದು ಸರಿ. ಆಮೇಲಿನವು ಸರಿ, ಸರಿ, ಸರಿ. ಒಮ್ಮೆ ಅವರು ಬಡಿಯದೆಯೇ "ಇದು?" ಎಂದು ಕೇಳಿದರು. "ಅದನ್ನು ಬಡಿಯಲೇ ಇಲ್ಲ," ಎಂದೆ. ತಡಿಕೆಯ ಆಚೆಯಿಂದ ಅವರ ನಗು ಕೇಳಿತು, ಗುಂಡುಕಲ್ಲು ತಗಡಿನ ಮೇಲೆ ಉರುಳಿದ ಹಾಗೆ.

"ಇನ್ನು ಮೇಲೆ ಕಾರ್ಖಾನೆಯ ಯಂತ್ರ ನಿಂತಾಗ ಮಾತ್ರ ನಿನ್ನ ಬೆಂಚು," ಎಂದರು. "ಮಧ್ಯಾಹ್ನದ ಗಂಟೆಯಿಂದ ಮುಂದಿನ ಗಂಟೆವರೆಗೆ, ಸಂಜೆ ಗಂಟೆ ಆದ ಮೇಲೆ ಬೆಳಕು ಇರುವವರೆಗೆ. ನಡುವೆ ಅಟ್ಟಿ ಲೆಕ್ಕ ನೋಡು. ಊಟ ಮೊದಲೇ ಮಾಡಿಕೋ."

ಹೀಗೆ ನನ್ನ ಊಟದ ಹೊತ್ತು ಬದಲಾಯಿತು. ಬೇರೆಯವರಿಗೆ ಅದೇನು ದೊಡ್ಡದಲ್ಲ. ನಾನು ಅದಕ್ಕೆ ಒಗ್ಗಿಕೊಳ್ಳಲು ಯಂತ್ರಕ್ಕೆ ಒಗ್ಗಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಕಿವಿಯ ಯಂತ್ರವನ್ನು ಇಟ್ಟುಕೊಂಡೆ, ಅದರ ಹಣ ಧಣಿಗಳು ಕೊಟ್ಟು ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಂಡರು. ಪೊರ್ಬುಗಳು ಬ್ಯಾಟರಿಗಳನ್ನು ಹೇಗೆ ಒಣಗಿದ ಜಾಗದಲ್ಲಿಡಬೇಕೆಂದು ಹೇಳಿ, ನಮ್ಮ ಬುತ್ತಿಯ ಮೀನುಸಾರು ತಿಂದು, ಸ್ಟೀಮರಿಗೆ ಹೋದರು.

ಸಂಜೆಯ ಗಂಟೆಯಾದ ಮೇಲೆ ಕಳಪೆ ರಾಶಿಯ ಮುಂದೆ ನಾನೂ ಕಾಂತಪ್ಪನೂ ನಿಂತೆವು. ಆ ತಿಂಗಳು ನಾನು ಎಡಗಡೆಗೆ ಹಾಕಿದ್ದೆಲ್ಲ ಪುಡಿಯಾಗುವ ಮೊದಲು ಮತ್ತೆ ನನ್ನ ಕೈಗೆ ಬರಬೇಕಾಗಿತ್ತು. ಅವನು ಒಂದೊಂದಾಗಿ ಎತ್ತಿ ಕೊಟ್ಟ. ಮೇಲೆ, ನಡುವೆ, ಕೆಳಗೆ. ಎಳೆ ಇದ್ದದ್ದು ಬಲಕ್ಕೆ. ಹೆಚ್ಚಿನವು ಬಲಕ್ಕೇ ಹೋದವು. ಪ್ರತಿಯೊಂದು ಬಲಕ್ಕೆ ಹೋದಾಗಲೂ ಅವನು ಭಟ್ಟಿಯ ಕಡೆ ತಿರುಗಿ ತಲೆ ಆಡಿಸುತ್ತಿದ್ದ. ನಡುವೆ ಒಮ್ಮೆ ದನಿ ಪೂರ್ತಿ ಮುಳುಗಿತು. ಗಾಬರಿಯಾಗಿ ಬಿಲ್ಲೆ ತಟ್ಟಿದೆ, ಇದ್ದಿಲಿನ ಗಂಟು ಬಿಟ್ಟು ಮತ್ತೆ ಬಂತು. ಹೊಳೆಯ ಮೇಲೆ ಬೆಳಕು ಕೆಂಪಾಗುವಷ್ಟರಲ್ಲಿ ರಾಶಿಯ ಬುಡ ಕಂಡಿತು.

ಕೊನೆಯ ಹೆಂಚು ಕೈಯಲ್ಲಿ ಉಳಿಯಿತು. ಬಡಿದೆ. ಎಳೆ ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಮತ್ತೆ ಬಡಿದೆ. ಬಿಲ್ಲೆ ತಟ್ಟಿ ಬಡಿದೆ. ಗೊತ್ತಾಗಲಿಲ್ಲ. ಇಷ್ಟೊತ್ತು ಇದ್ದ ಧೈರ್ಯ ಒಮ್ಮೆಗೇ ಜಾರಿತು. ಬೆಂಚಿನ ಮುಂದೆ ನಿಂತು ಬೇರೊಬ್ಬರನ್ನು ಕೇಳಿದ್ದು ಅದೇ ಮೊದಲು.

"ಕಾಂತ, ನೀನು ಕೇಳು."

ಅವನು ತೂಗುಹಿಡಿದು ಬಡಿದ. ಕತ್ತು ಓರೆ ಮಾಡಿ ಇನ್ನೊಮ್ಮೆ ಬಡಿದ. ಹುಬ್ಬು ಗಂಟಿಕ್ಕಿದ. "ನಂಗೂ ಗೊತ್ತಾಗುದಿಲ್ಲ ದೂಮಣ್ಣ."

"ನಿನ್ನ ಕಿವಿ ಸರಿ ಉಂಟಲ್ಲ?"

"ನನ್ನ ಕಿವಿ ಸರಿಯೇ ಉಂಟು. ಈ ಹೆಂಚೇ ಹಾಗೆ."

ನನಗೆ ನಗು ಬಂತು. ಕಿವಿ ಗಟ್ಟಿಯಿದ್ದ ಕಾಲದಲ್ಲೂ ಇಂಥ ಹೆಂಚು ಬರದ ದಿನವೇ ಇರಲಿಲ್ಲ. ಆಗ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಈಗಲೂ ಮಾಡಿದೆ. ಹೆಂಚನ್ನು ಅವನ ಕೈಯಿಂದ ತೆಗೆದುಕೊಂಡು ಎಡಗಡೆಗೆ ಹಾಕಿದೆ.

"ಎಂತ ಮಾರಾಯ್ರೆ! ಬೆಳಿಗ್ಗೆಯಿಂದ ಹೆಂಚು ಹೊತ್ತು ಕೊಡಿಯಾಲ್‌ಬೈಲಿಗೆ ಬಂದೆ, ನಿಮ್ಮ ಸಂಗಡ ಬುತ್ತಿ ಬಿಟ್ಟೆ. ಕೊನೆಗೆ ನನ್ನ ಭಟ್ಟಿಯ ಹೆಂಚನ್ನು ಕಳಪೆ ಮಾಡಿಯೇ ಬಿಟ್ರಿ!"

"ಸಂಶಯ ಬಂದದ್ದು ಎಡಕ್ಕೆ. ಅದು ಬೆಂಚಿನ ಕ್ರಮ."

ಅವನು ಗೊಣಗುತ್ತ ತಡಿಕೆಯನ್ನು ಮಡಚಿದ. ಆ ಗೊಣಗುವಿಕೆ ನನಗೆ ಪೂರ್ತಿ ಕೇಳಿತು. ಇಲ್ಲಿ ಬರೆಯುವಂಥದ್ದಲ್ಲ. ನಾನು ಬೆಂಚನ್ನು ಗುಡಿಸಿ, ಬಲಗಡೆಯ ಅಟ್ಟಿಯ ಅಂಚುಗಳನ್ನು ಸರಿಮಾಡಿ, ಕೀಲಿ ತಿರುಗಿಸಿ ಯಂತ್ರ ಆರಿಸಿದೆ. ತಂತಿಯನ್ನು ಸುತ್ತಿ, ಮೂರು ವಸ್ತುಗಳನ್ನೂ ಬಟ್ಟೆಯಲ್ಲಿ ಕಟ್ಟಿ ಬುತ್ತಿಯ ಚೀಲದಲ್ಲಿ ಇಟ್ಟೆ. ಬೆಂಚಿದ್ದ ಕೊಟ್ಟಿಗೆಯ ಬಾಗಿಲು ಎಳೆದು ಬೀಗ ಹಾಕಿದೆ.